ಮುಲ್ಲರ್ ಸಹಸ್ರನಾಮ

ಜರ್ಮನಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ಮನೆತನದ ಹೆಸರು ಮುಲ್ಲರ್ ಎಂಬ ಸಂಗತಿ, ಜಗಲಿಯ ಆರಾಮಕುರ್ಚಿಯನ್ನು ಸವೆಸುತ್ತ ಕೂತಿರುವ ದಕ್ಷಿಣ ಕನ್ನಡದ ನಿವೃತ್ತ ಭಟ್ಟನೊಬ್ಬನಿಗೆ ಯಾವ ಪುರುಷಾರ್ಥಕ್ಕೆ ಬೇಕು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಆಗಲೇ ಕೇಳಿಯಾಗಿದೆ. ಧರ್ಮ, ಅರ್ಥ, ಕಾಮ ಈ ಮೂರರಲ್ಲೂ ಇದರಿಂದ ನಯಾಪೈಸೆಯ ಪ್ರಯೋಜನವಿಲ್ಲವೆಂದು ಅವಳಿಗೆ ಹೇಳಿಬಿಟ್ಟಿದ್ದೇನೆ. ನಾಲ್ಕನೆಯದರ ವಿಷಯದಲ್ಲಿ ಮಾತ್ರ ಸ್ವಲ್ಪ ಆಸೆಯಿದೆ, ಏಕೆಂದರೆ ಮುಲ್ಲರರಲ್ಲಿ ಒಬ್ಬರು ತಮ್ಮ ಹೆಸರನ್ನು ಮೋಕ್ಷದಿಂದಲೇ ಶುರುಮಾಡಿಕೊಂಡಿದ್ದರು. ಅವರ ವಿಷಯ ಮುಂದೆ ಬರುತ್ತದೆ. ಅವಸರವಿದ್ದವರು ಈಗಲೇ ಎದ್ದು ಹೋಗಬಹುದು, ಕಾಫಿ ಕುಡಿದು ಬಂದರೂ ಆದೀತು, ನಾನು ಇಲ್ಲೇ ಇರುತ್ತೇನೆ.

ನನಗೆ ಮುಲ್ಲರರ ಮೇಲಿರುವುದು ಸಮಾನದುಃಖಿಗಳ ವಾತ್ಸಲ್ಯ. ನಮ್ಮ ಕಡೆಯ ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವನು ಹೋಳಿಗೆಯ ಹರಿವಾಣ ಹಿಡಿದು 'ಭಟ್ರೇ' ಎಂದೊಮ್ಮೆ ಕರೆದರೆ ಅರ್ಧ ಪಂಕ್ತಿ ತಲೆಯೆತ್ತುತ್ತದೆ, ಉಳಿದರ್ಧ ಹೋಳಿಗೆ ಮುಗಿಯುತ್ತದೋ ಏನೋ ಎಂಬ ಭಯದಲ್ಲಿ ಹೆಸರು ಬೇರೆಯಾದರೂ ತಲೆಯೆತ್ತುತ್ತದೆ. ಶಾಲೆಯಲ್ಲಿ ನಮ್ಮ ಲೆಕ್ಕದ ಮಾಷ್ಟ್ರು ತರಗತಿಯ ಭಟ್ಟರುಗಳನ್ನು ವಿಂಗಡಿಸಲು ಲಿನ್ನೇಯಸನಿಗೂ ಹೊಳೆಯದ ವರ್ಗೀಕರಣವೊಂದನ್ನು ಮಾಡಿದ್ದರು: ಉದ್ದ ಭಟ್ಟ, ಕುಳ್ಳ ಭಟ್ಟ, ಹೊಳೆಬದಿ ಭಟ್ಟ, ಮತ್ತು ಯಾವ ಲಕ್ಷಣವೂ ಇಲ್ಲದ ನಾನು, 'ಮತ್ತೊಬ್ಬ ಭಟ್ಟ'. ಮುಂದೆ ಕಚೇರಿಯಲ್ಲಿ ಇನ್ಯಾರಿಗೋ ಬರಬೇಕಾದ ಬಡ್ತಿಯ ಅಭಿನಂದನೆಗಳೂ ಇನ್ಯಾರೋ ಮಾಡಿದ ಸಾಲದ ನೋಟೀಸೂ ನನ್ನ ಮೇಜಿಗೆ ಬರುತ್ತಿದ್ದವು. ಅಭಿನಂದನೆಗಳನ್ನು ಇಟ್ಟುಕೊಳ್ಳುತ್ತಿದ್ದೆ. ಹೀಗಾಗಿ, ವಿಷ್ಣುವಿಗೆ ಸಾವಿರ ಹೆಸರಿರುವುದು ನನಗೆ ಎಂದೂ ಆಶ್ಚರ್ಯವೆನಿಸಿಲ್ಲ, ಅದು ಶ್ರೀಮಂತರ ಸಂಗತಿ. ಒಂದೇ ಹೆಸರನ್ನು ಲಕ್ಷಾಂತರ ಜನ ಹಂಚಿಕೊಂಡು ಬದುಕುತ್ತಾರಲ್ಲ, ಅವರು ತಮ್ಮನ್ನು ತಾವು ಹೇಗೆ ಗುರುತಿಸಿಕೊಳ್ಳುತ್ತಾರೆ ಎಂಬುದೇ ನನಗೆ ಯಾವತ್ತಿನ ಕುತೂಹಲ.

ಮುಲ್ಲರ್ ಎಂದರೆ ಹಿಟ್ಟಿನ ಗಿರಣಿಯವನು ಎಂದಷ್ಟೇ ಹೇಳಿ ಮುಂದೆ ಹೋಗೋಣವೆಂದಿದ್ದೆ. ಆದರೆ ಗಿರಣಿಯನ್ನು ದಾಟಿ ಸುಮ್ಮನೆ ಹೋಗುವುದು ನನಗೆ ಬಾಲ್ಯದಿಂದಲೂ ಸಾಧ್ಯವಾಗಿಲ್ಲ. ಮಧ್ಯಯುಗದ ಜರ್ಮನಿಯಲ್ಲಿ ಜನರಿಗೆ ಮನೆತನದ ಹೆಸರು ಅಂಟಿಕೊಳ್ಳುತ್ತಿದ್ದ ಕಾಲಕ್ಕೆ ಹಳ್ಳಿಹಳ್ಳಿಯಲ್ಲೂ ಹೊಳೆಯ ಪಕ್ಕ ನೀರಿನಿಂದ ತಿರುಗುವ ಒಂದು ಗಿರಣಿ ಇರುತ್ತಿತ್ತು, ಗಿರಣಿ ಇದ್ದಲ್ಲಿ ಒಬ್ಬ ಮುಲ್ಲರ್ ಇದ್ದೇ ಇರುತ್ತಿದ್ದ, ಹಳ್ಳಿಗಳೆಷ್ಟೋ ಮುಲ್ಲರರಷ್ಟು. ಅನೇಕ ಕಡೆ ರೈತರು ತಮ್ಮ ಧಣಿಯ ಗಿರಣಿಯಲ್ಲೇ ಕಾಳು ಬೀಸಿಸಬೇಕೆಂಬ ಕಟ್ಟಳೆಯಿತ್ತು. ಬೇರೆ ಕಡೆ ಹೋಗುವಂತಿಲ್ಲವೆಂದ ಮೇಲೆ ಸಂಶಯ ಹುಟ್ಟದಿರುತ್ತದೆಯೇ? ಕೊಟ್ಟ ಗೋಧಿಗೂ ಬಂದ ಹಿಟ್ಟಿಗೂ ತಾಳೆ ಬೀಳದಿದ್ದಾಗ ಊರೆಲ್ಲ ಗಿರಣಿಯವನ ಕಡೆ ನೋಡುತ್ತಿತ್ತು, ಎಷ್ಟೋ ಸೀಮೆಗಳಲ್ಲಿ ಅವನ ಕಸುಬನ್ನು ಮರ್ಯಾದಸ್ಥ ಕಸುಬುಗಳ ಪಟ್ಟಿಯಿಂದಲೇ ಹೊರಗಿಟ್ಟಿದ್ದರು. ನಮ್ಮೂರಿನ ಅಕ್ಕಿ ಮಿಲ್ಲಿನವರ ಬಗ್ಗೆ ನನ್ನಜ್ಜಿ ಆಡುತ್ತಿದ್ದ ಮಾತುಗಳನ್ನು ನೆನೆದರೆ ಜರ್ಮನಿಯ ಮಧ್ಯಯುಗ ನನಗೆ ಅಷ್ಟೇನೂ ದೂರವೆನಿಸುವುದಿಲ್ಲ. ಕುಚ್ಚಲು ಅಕ್ಕಿ ಮಾಡಿಸಿ ತಂದ ಮೂಟೆಯನ್ನು ಅಜ್ಜಿ ಕಳಸಿಗೆಯಲ್ಲಿ ಅಳೆದು, ಮತ್ತೆ ಅಳೆದು, 'ಮಿಲ್ಲಿನ ಇಲಿಗಳಿಗೆ ಎರಡೇ ಕಾಲು' ಎನ್ನುತ್ತಿದ್ದಳು. ನಾನು ಮಾತ್ರ ಮಿಲ್ಲಿನವರ ಪಕ್ಷಪಾತಿಯಾಗಿದ್ದೆ. ರೆಪ್ಪೆಯವರೆಗೂ ತೌಡು ಹತ್ತಿಕೊಂಡ ಆ ಮನುಷ್ಯ ಆಚೀಚೆ ಓಡುವ ಬೆಲ್ಟಿನ ನಡುವೆ ನಿಂತು ಸನ್ನೆಯಿಂದಲೇ ಲೋಕವನ್ನು ಆಳುವುದನ್ನು ನೋಡಿ, ದೊಡ್ಡವನಾದ ಮೇಲೆ ಮಿಲ್ಲಿನವನೇ ಆಗಬೇಕೆಂದು ನಿಶ್ಚಯಿಸಿದ್ದೆ. ಗುಮಾಸ್ತನಾದೆ.

ಇಷ್ಟೊಂದು ಮುಲ್ಲರರಾದಾಗ ಸಂದಣಿಯಿಂದ ತಪ್ಪಿಸಿಕೊಳ್ಳಲು ನೋಡಿದವರು ಕೆಲವರು. ಅವರಲ್ಲಿ ಹಿರಿಯ, 1436ರಲ್ಲಿ ಫ್ರಾಂಕೋನಿಯಾದ ಕೋನಿಗ್ಸ್‌ಬೆರ್ಗ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದ ಯೊಹಾನೆಸ್ ಮುಲ್ಲರ್. ಖಗೋಳವನ್ನೂ ತ್ರಿಕೋನಮಿತಿಯನ್ನೂ ಅರೆದು ಕುಡಿದಿದ್ದ ಈತ ಗ್ರಹಗಳ ದಿನದಿನದ ಸ್ಥಾನ ತಿಳಿಸುವ ಪಂಚಾಂಗವೊಂದನ್ನು 1474ರಲ್ಲಿ ಅಚ್ಚುಹಾಕಿಸಿದ. ಕೊಲಂಬಸ್ ಹಡಗಿನಲ್ಲಿ ಒಯ್ದದ್ದು ಇದನ್ನೇ ಎನ್ನುತ್ತಾರೆ. ಆದರೆ ಇತಿಹಾಸದ ಪುಸ್ತಕಗಳಲ್ಲಿ ಮುಲ್ಲರ್ ಎಂದು ಹುಡುಕಿದರೆ ಈತ ಸಿಗುವುದಿಲ್ಲ. ಹುಟ್ಟೂರಿನ ಹೆಸರನ್ನೇ ಲ್ಯಾಟಿನ್ನಿಗೆ ತಿರುಗಿಸಿ ಜಗತ್ತು ಇವನನ್ನು ರೆಜಿಯೊಮೊಂಟಾನಸ್ ಎಂದು ಕರೆಯಿತು. ಊರಿನ ಹೆಸರಿನಿಂದ ಗುರುತಿಸುವುದು ನಮ್ಮ ಜಿಲ್ಲೆಯ ಸಂಪ್ರದಾಯವೂ ಹೌದಾದ್ದರಿಂದ ಇವನ ಮೇಲೆ ನನಗೆ ಸಿಟ್ಟಿಲ್ಲ. ಲ್ಯಾಟಿನ್ನೇ ಆಗಬೇಕಿತ್ತೇ ಎಂದಷ್ಟೇ ನನ್ನ ತಕರಾರು. ಇನ್ನೊಬ್ಬ, ಟ್ರಾನ್ಸಿಲ್ವೇನಿಯಾದ ಚಿನ್ನದ ಗಣಿಗಳ ಅಧಿಕಾರಿ, ಬಾಲಕ್ಕೊಂದು ಜಮೀನ್ದಾರಿ ಕಟ್ಟಿಕೊಂಡು ಮುಲ್ಲರ್ ಫೊನ್ ರೈಖೆನ್‌ಸ್ಟೈನ್ ಆದ. 1782ರಲ್ಲಿ ಈತ ಅದಿರಿನೊಳಗೆ ಹೊಸ ಮೂಲಧಾತುವೊಂದನ್ನು ಕಂಡು, ಇದೇನಿದು ಎಂದು ವರ್ಷಗಟ್ಟಲೆ ತಲೆಕೆಡಿಸಿಕೊಂಡ. ಅದಕ್ಕೆ ಟೆಲ್ಯುರಿಯಂ ಎಂದು 1798ರಲ್ಲಿ ಹೆಸರಿಟ್ಟವನು ಕ್ಲಾಪ್ರೋತ್ ಎಂಬ ಬೇರೊಬ್ಬ. ಹೆಸರಿನ ವಿಷಯದಲ್ಲಿ ಮುಲ್ಲರರ ಕೈಗುಣ ಅಷ್ಟಕ್ಕಷ್ಟೇ.

ಇದಕ್ಕೆ ಸಾಕ್ಷಿ ಬೇಕಾದರೆ ದ್ರಾಕ್ಷಿ ಬಳ್ಳಿಯೊಂದರ ಕಥೆ ಕೇಳಿ. ಸ್ವಿಟ್ಜರ್ಲೆಂಡಿನ ತುರ್ಗೌ ಸೀಮೆಯ ಹೆರ್ಮನ್ ಮುಲ್ಲರ್, ಉಳಿದ ಹೆರ್ಮನ್ ಮುಲ್ಲರರ ಜೊತೆ ಕಲಸಿಹೋಗದಿರಲೆಂದು ಸೀಮೆಯ ಹೆಸರನ್ನು ಒಂದು ಅಡ್ಡಗೆರೆಯಿಂದ ಜೋಡಿಸಿಕೊಂಡು ಮುಲ್ಲರ್-ತುರ್ಗೌ ಎನಿಸಿಕೊಂಡರು. ಇವರು 1882ರಲ್ಲಿ ಜರ್ಮನಿಯ ಗೈಸೆನ್‌ಹೈಮಿನಲ್ಲಿ ಎರಡು ದ್ರಾಕ್ಷಿ ತಳಿಗಳನ್ನು ಕೂಡಿಸಿ ಹೊಸ ತಳಿಯೊಂದನ್ನು ಬೆಳೆಸಿದರು, ಅದೂ ಮುಲ್ಲರ್-ತುರ್ಗೌ ಎಂದೇ ಪ್ರಸಿದ್ಧವಾಯಿತು. ಜಾತಕ ಸ್ಪಷ್ಟವಿತ್ತು: ಒಂದು ಕಡೆ ಕುಲೀನ ರೀಸ್ಲಿಂಗ್, ಇನ್ನೊಂದು ಕಡೆ ಸಿಲ್ವಾನರ್. ನೂರಕ್ಕೂ ಹೆಚ್ಚು ವರ್ಷ ಜರ್ಮನಿಯ ದ್ರಾಕ್ಷಾರಸ ಪ್ರಿಯರು ಈ ಗೋತ್ರಪ್ರವರವನ್ನು ಹೇಳಿಕೊಂಡು ಗುಟುಕರಿಸಿದ ಮೇಲೆ, ವಂಶವಾಹಿ ಪರೀಕ್ಷೆ ಮಾಡಿದವರು ಬಂದು, ಸಿಲ್ವಾನರ್ ಇದರ ಬಂಧುವೇ ಅಲ್ಲ, ಮಾಡ್ಲೀನ್ ರಾಯಲ್ ಎಂಬ ಬೇರೊಂದು ತಳಿ ಇದರ ಹೆತ್ತವರಲ್ಲೊಂದು ಎಂದು ಸಾರಿದರು. ಮದ್ಯದ ರುಚಿಯೇನೂ ಇದರಿಂದ ಬದಲಾಗಲಿಲ್ಲವಂತೆ. ನಾನು ಕುಡಿಯುವವನಲ್ಲ, ಆದರೆ ಜಾತಕ ಕೂಡಿಸುವ ಪುರೋಹಿತರು ನಮ್ಮ ನೆಂಟರಲ್ಲಿ ಬಹಳವಿರುವುದರಿಂದ ಈ ಪ್ರಸಂಗವನ್ನು ಅವರ ಮುಂದೆ ಆಗಾಗ ಹೇಳುತ್ತಿರುತ್ತೇನೆ.

ಈಗ ಮೋಕ್ಷದವರ ವಿಷಯ. ಇವರು ನಮಗೆಲ್ಲ ಗೊತ್ತಿರುವ ಮ್ಯಾಕ್ಸ್ ಮುಲ್ಲರ್. ಜರ್ಮನ್ ಸರ್ಕಾರದ ಸಾಂಸ್ಕೃತಿಕ ಸಂಸ್ಥೆ ಉಳಿದ ದೇಶಗಳಲ್ಲಿ ಗಯಟೆಯ ಹೆಸರಿನಲ್ಲಿ ನಡೆದರೆ ಭಾರತದಲ್ಲಿ, ಬೆಂಗಳೂರಿನಲ್ಲೂ ಸೇರಿ, ಮ್ಯಾಕ್ಸ್ ಮುಲ್ಲರ್ ಭವನವಾಗಿದೆ. 1823ರಲ್ಲಿ ದೆಸ್ಸೌ ಎಂಬ ಊರಿನಲ್ಲಿ ಹುಟ್ಟಿದಾಗ ಇವರಿಗಿಟ್ಟ ಹೆಸರು ಫ್ರೆಡ್ರಿಕ್ ಮ್ಯಾಕ್ಸ್ ಮುಲ್ಲರ್ ಎಂದು. ಮ್ಯಾಕ್ಸ್ ಎಂಬುದು ಸಂಗೀತಗಾರ ಕಾರ್ಲ್ ಮರಿಯಾ ಫೊನ್ ವೇಬರ್‌ನ ಗೀತನಾಟಕವೊಂದರ ನಾಯಕನಿಂದ ಬಂದದ್ದು. ವೇಬರ್ ಮಗುವಿನ ಧರ್ಮಪಿತನೂ ಆಗಿದ್ದ. ಬೆಳೆದು ಆಕ್ಸ್‌ಫರ್ಡಿಗೆ ಬಂದ ಮೇಲೆ, ಬರಿಯ ಮುಲ್ಲರ್ ಎಂದರೆ ಯಾವ ಮುಲ್ಲರ್ ಎಂದು ಯಾರಿಗೂ ತಿಳಿಯುವುದಿಲ್ಲವೆಂಬ ಕಷ್ಟಕ್ಕೆ, ಈ ಮ್ಯಾಕ್ಸನ್ನೇ ಮನೆತನದ ಹೆಸರಿನೊಳಕ್ಕೆ ಎಳೆದುಕೊಂಡು 'ಮ್ಯಾಕ್ಸ್ ಮುಲ್ಲರ್' ಎಂಬ ಜೋಡಿಯನ್ನೇ ಕುಲನಾಮ ಮಾಡಿಕೊಂಡರು. ಇಷ್ಟಕ್ಕೂ ತೃಪ್ತಿಯಾಗಲಿಲ್ಲವೋ ಏನೋ, ಸಂಸ್ಕೃತಕ್ಕೆ ಇಳಿದಾಗ ಮೋಕ್ಷಮೂಲರರಾದರು. ಆಕ್ಸ್‌ಫರ್ಡ್ ಗೋತೀರ್ಥವಾಯಿತು, ಜರ್ಮನಿ ಶರ್ಮಣ್ಯದೇಶವಾಯಿತು. ಇನ್ನು ನಮ್ಮ ಪಂಡಿತರು ಸುಮ್ಮನಿರುತ್ತಾರೆಯೇ, ಭಟ್ಟ ಮೋಕ್ಷಮೂಲರ ಎಂದು ಗೌರವದಿಂದ ಕರೆದರು. ಅಂದರೆ ಮುಲ್ಲರರ ಗುಂಪಿನಿಂದ ತಪ್ಪಿಸಿಕೊಳ್ಳಲು ಹೊರಟ ಮನುಷ್ಯ ಭಟ್ಟರ ಗುಂಪಿಗೆ ಬಂದು ಬಿದ್ದರು. ನಮ್ಮ ಲೆಕ್ಕದ ಮಾಷ್ಟ್ರು ಇದ್ದಿದ್ದರೆ ಗೋತೀರ್ಥದ ಭಟ್ಟ ಎಂದು ಹಾಜರಿ ಹಾಕುತ್ತಿದ್ದರು.

ಇವರ ಜೀವಮಾನದ ಕೆಲಸ ಋಗ್ವೇದವನ್ನು ಸಾಯಣಭಾಷ್ಯದೊಂದಿಗೆ ಶೋಧಿಸಿ ಅಚ್ಚುಹಾಕಿಸಿದ್ದು. ಮೊದಲ ಸಂಪುಟ 1849ರಲ್ಲಿ, ಆರನೆಯದು 1874ರಲ್ಲಿ, ಶುರುವಿನ ಖರ್ಚಿಗೆ ಈಸ್ಟ್ ಇಂಡಿಯಾ ಕಂಪನಿ. ಭಾಷ್ಯ ಬರೆದ ಸಾಯಣಾಚಾರ್ಯರಾದರೋ 14ನೆಯ ಶತಮಾನದ ವಿಜಯನಗರದಲ್ಲಿ ಬುಕ್ಕರಾಯನಿಗೆ ಮಂತ್ರಿಯಾಗಿದ್ದವರು. ತುಂಗಭದ್ರೆಯ ದಡದ ಪಾಂಡಿತ್ಯ ಐದು ಶತಮಾನ ಕಳೆದು ಥೇಮ್ಸಿನ ದಡದಲ್ಲಿ ಅಚ್ಚಿನ ಮೊಳೆಗೆ ಏರಿತು. ಮಂತ್ರಿಗಿರಿಯ ತಲೆಬಿಸಿಯ ನಡುವೆ ವೇದಗಳಿಗೆ ಭಾಷ್ಯ ಬರೆದ ಸಾಯಣರು ದೊಡ್ಡವರೋ, ಅದರ ಹಸ್ತಪ್ರತಿಗಳ ನಡುವೆ ಇಪ್ಪತ್ತೈದು ವರ್ಷ ಕಣ್ಣು ಸವೆಸಿದ ಗೋತೀರ್ಥದವರು ದೊಡ್ಡವರೋ ಎಂದು ನನ್ನನ್ನು ಕೇಳಿದರೆ, ಗುಮಾಸ್ತನಾಗಿ ಕರಡು ತಿದ್ದಿದ ಅನುಭವದ ಮೇಲೆ ನನ್ನ ಮತ ಎರಡನೆಯವರಿಗೆ. ಆಕ್ಸ್‌ಫರ್ಡಿನ ಮತ ಮಾತ್ರ ಅವರಿಗೆ ಬೀಳಲಿಲ್ಲ. 1860ರಲ್ಲಿ ಅಲ್ಲಿನ ಸಂಸ್ಕೃತ ಪೀಠಕ್ಕೆ ಚುನಾವಣೆಯೇ ನಡೆದು, ಪದವೀಧರರು ದೂರದೂರದಿಂದ ಬಂದು ಮತ ಹಾಕಿ, ಮೋನಿಯರ್ ವಿಲಿಯಮ್ಸ್‌ಗೆ 833 ಮತ, ಇವರಿಗೆ 610. ವಿದೇಶಿಯನೆಂಬುದೂ ಧರ್ಮವಿಚಾರದಲ್ಲಿ ತೀರ ಉದಾರಿಯೆಂಬುದೂ ಇವರನ್ನು ಸೋಲಿಸಿದವು. ಸಂಸ್ಕೃತ ಕಲಿಸಲು ಯಾರು ತಕ್ಕವರೆಂದು ನಿರ್ಧರಿಸಿದವರಲ್ಲಿ ಸಂಸ್ಕೃತ ಬರುತ್ತಿದ್ದವರು ಎಷ್ಟು ಮಂದಿಯೆಂದು ನಾನು ಕೇಳುವುದಿಲ್ಲ. ನಮ್ಮ ಸಹಕಾರಿ ಸಂಘದ ಚುನಾವಣೆಗಳನ್ನು ಕಂಡವನು ನಾನು. 1900ರಲ್ಲಿ ತೀರಿಕೊಳ್ಳುವವರೆಗೂ ಅವರು ಭಾರತಕ್ಕೆ ಒಮ್ಮೆಯೂ ಬರಲಿಲ್ಲ.

ಆದರೆ ನನ್ನ ಪ್ರೀತಿಯ ಮುಲ್ಲರ್ ಇವರಲ್ಲ, ಇವರ ಅಪ್ಪ. ವಿಲ್ಹೆಲ್ಮ್ ಮುಲ್ಲರ್ 1794ರಲ್ಲಿ ಅದೇ ದೆಸ್ಸೌನಲ್ಲಿ ಹುಟ್ಟಿದ, ಒಬ್ಬ ದರ್ಜಿಯ ಮಗನಾಗಿ. ಹೆಸರು ಗಿರಣಿಯವರದು, ಕಸುಬು ಕತ್ತರಿ ಸೂಜಿಯದು. 1816ರ ಸುಮಾರಿಗೆ ಬರ್ಲಿನ್ನಿನಲ್ಲಿ ಓದುತ್ತಿದ್ದಾಗ ಒಂದು ದೊಡ್ಡ ಮನೆಯ ದಿವಾನಖಾನೆಯಲ್ಲಿ ಎಳೆಯರ ಗುಂಪೊಂದು ಸಂಜೆ ಸೇರಿ, ಗಿರಣಿಯ ಚೆಲುವೆಯೊಬ್ಬಳ ಹಿಂದೆ ಬಿದ್ದವರ ಕಥೆಯನ್ನು ಹಾಡು ಕಟ್ಟಿ ಆಡುತ್ತಿತ್ತು. ಬೇಟೆಗಾರನ ಪಾತ್ರ ಒಬ್ಬನಿಗೆ, ತೋಟಗಾರನದು ಇನ್ನೊಬ್ಬರಿಗೆ. ಗಿರಣಿಯ ಹುಡುಗನ ಪಾತ್ರ ಯಾರಿಗೆ ಎಂಬ ಚರ್ಚೆಯೇ ಇಲ್ಲ, ಹೆಸರಿನಲ್ಲೇ ಗಿರಣಿಯಿರುವವನು ಎದುರಿಗೇ ಕೂತಿದ್ದಾನೆ. ಬಾಲ್ಯದಲ್ಲಿ ಊರಿನ ಯಕ್ಷಗಾನ ಸಂಘದವರು ಆಟವಾಡಿಸುವಾಗ ನನ್ನನ್ನು, ಭಟ್ಟರ ಹುಡುಗನೆಂಬ ಒಂದೇ ಅರ್ಹತೆಯ ಮೇಲೆ, ಪ್ರತಿ ಸಲವೂ ನಾರದನ ಹಿಂದೆ ನಿಲ್ಲುವ ವಟುವನ್ನಾಗಿ ಮಾಡುತ್ತಿದ್ದರು; ನನಗೆ ಮಾತಿಲ್ಲ, ಜನಿವಾರ ಮಾತ್ರ. ಆದ್ದರಿಂದ ವಿಲ್ಹೆಲ್ಮನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನಾನು ವಟುವಾಗಿ ನಿಂತು ಆಕಳಿಸಿದೆ. ಅವನು ಕೊಟ್ಟ ಪಾತ್ರವನ್ನು ಮನಸ್ಸಿಗೆ ಹಚ್ಚಿಕೊಂಡು, ಅದೇ ಗುಂಪಿನ ಲೂಯಿಸ ಹೆನ್ಸೆಲ್ ಎಂಬ ಹುಡುಗಿಗೆ ನಿಜವಾಗಿಯೂ ಮನಸೋತು, ಅವಳು ಒಲಿಯದೆ, ಆ ಹಾಡುಗಳನ್ನು ಬೆಳೆಸುತ್ತ ಹೋಗಿ ಒಂದು ಇಡೀ ಕಾವ್ಯಮಾಲೆ ಮಾಡಿದ. ಅದರಲ್ಲಿ ಹಳ್ಳದ ನೀರಿನ ಜಾಡು ಹಿಡಿದು ಬಂದ ಗಿರಣಿಯ ಹುಡುಗ ಚೆಲುವೆಯನ್ನು ಮೆಚ್ಚುತ್ತಾನೆ, ಅವಳು ಬೇಟೆಗಾರನನ್ನು ಮೆಚ್ಚುತ್ತಾಳೆ, ಹುಡುಗ ಅದೇ ಹಳ್ಳದ ಪಾಲಾಗುತ್ತಾನೆ.

ಈ ಪದ್ಯಗಳು ವಿಯೆನ್ನಾದಲ್ಲಿ ಶೂಬರ್ಟ್ ಎಂಬ ಇಪ್ಪತ್ತಾರರ ಸಂಗೀತಗಾರನ ಕೈಗೆ ಬಿದ್ದವು. 1823ರಲ್ಲಿ, ಅಂದರೆ ಮಗ ಮ್ಯಾಕ್ಸ್ ಹುಟ್ಟಿದ ವರ್ಷವೇ, ಇಪ್ಪತ್ತು ಹಾಡುಗಳ 'ಗಿರಣಿಯ ಚೆಲುವೆ' ಸ್ವರ ಹೊತ್ತಿತು. 1827ರಲ್ಲಿ ಇದೇ ಕವಿಯ ಇಪ್ಪತ್ತನಾಲ್ಕು ಪದ್ಯಗಳಿಂದ 'ಚಳಿಗಾಲದ ಪಯಣ'. ಕವಿಯೂ ಸಂಗೀತಗಾರನೂ ಒಬ್ಬರನ್ನೊಬ್ಬರು ಕಂಡವರಲ್ಲ. ವಿಲ್ಹೆಲ್ಮ್ 1827ರಲ್ಲಿ ಮೂವತ್ತಮೂರು ತುಂಬುವ ಮೊದಲೇ ಹೋದ, ಶೂಬರ್ಟ್ ಮರುವರ್ಷ ಮೂವತ್ತೊಂದಕ್ಕೆ. ಬದುಕಿದ್ದಾಗ ಜನ ಕವಿಯನ್ನು 'ಗ್ರೀಕರ ಮುಲ್ಲರ್' ಎಂದು ಕರೆಯುತ್ತಿದ್ದರು, ತುರ್ಕರ ವಿರುದ್ಧ ಗ್ರೀಕರು ಎದ್ದಾಗ ಅವರ ಪರವಾಗಿ ಬಿಸಿಬಿಸಿ ಪದ್ಯಗಳನ್ನು ಬರೆದದ್ದಕ್ಕೆ. ನೋಡಿ, ಅವನಿಗೂ ಉದ್ದ ಭಟ್ಟ, ಕುಳ್ಳ ಭಟ್ಟದ ಉಪಚಾರ ತಪ್ಪಲಿಲ್ಲ. ಆದರೂ ಹೆಸರನ್ನು ಮುಚ್ಚಿಡದೆ, ಲ್ಯಾಟಿನ್ನಿನ ಶಲ್ಯ ಹೊದೆಯದೆ, ಇದೇ ಗಿರಣಿಯಲ್ಲಿ ಹಿಟ್ಟು ಬರುತ್ತದೋ ನೋಡೋಣವೆಂದು ಕೂತ ಮುಲ್ಲರ್ ಇವನೊಬ್ಬನೇ. ಬಂತು.

ನಮ್ಮ ಜಿಲ್ಲೆಯವರಿಗೆ ಮುಲ್ಲರ್ ಎಂದರೆ ಇವರಾರೂ ಅಲ್ಲ. ಮಂಗಳೂರಿನಲ್ಲಿ ಆಟೋದವನಿಗೆ 'ಮುಲ್ಲರ್' ಎಂದರೆ ಸಾಕು, ಕಂಕನಾಡಿಯ ಆಸ್ಪತ್ರೆಯ ಮುಂದೆ ಇಳಿಸುತ್ತಾನೆ. ಫಾದರ್ ಅಗಸ್ಟಸ್ ಮುಲ್ಲರ್ ವೆಸ್ಟ್‌ಫಾಲಿಯಾದಿಂದ ಬಂದ ಜೆಸ್ವಿಟ್ ಪಾದ್ರಿ. 1880ರಲ್ಲಿ ಇವರು ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ಶುರುಮಾಡಿದ್ದೇ ಬೆಳೆದು ಬೆಳೆದು ಇವತ್ತಿನ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳಾಗಿವೆ. 1890ರಲ್ಲಿ ಕುಷ್ಠರೋಗಿಗಳಿಗಾಗಿ, ಊರು ಅವರನ್ನು ಹತ್ತಿರ ಸೇರಿಸದ ಕಾಲದಲ್ಲಿ, ಆಶ್ರಯ ಕಟ್ಟಿಸಿದರು. ಯು ಅಕ್ಷರದ ತಲೆಯ ಮೇಲೆ ಜರ್ಮನರು ಇಡುವ ಎರಡು ಚುಕ್ಕಿಗಳು ಅರಬ್ಬಿ ಸಮುದ್ರದಲ್ಲೆಲ್ಲೋ ಬಿದ್ದುಹೋಗಿ, ಅವರು ನಮ್ಮವರೇ ಆದ ಬರಿಯ ಮುಲ್ಲರರಾದರು. ನಮ್ಮ ಮನೆಯಲ್ಲಿ ಅಜ್ಜಿಯ ಟ್ರಂಕಿನ ತಳದಲ್ಲಿ ಅಂಕಿ ಬರೆದ ಪುಟ್ಟ ಸೀಸೆಗಳ ಪೆಟ್ಟಿಗೆಯೊಂದಿತ್ತು. ಸಾಸಿವೆಗಿಂತ ಸ್ವಲ್ಪ ದೊಡ್ಡ ಬಿಳಿ ಗುಳಿಗೆಗಳು, ನಾಲಗೆಗಿಟ್ಟರೆ ಕರಗುವ ಸಿಹಿ. ಕಷಾಯವೆಂಬ ಕಾಲಕೂಟವನ್ನು ಮೂಗು ಹಿಡಿದು ಕುಡಿಸುತ್ತಿದ್ದ ಮನೆಯಲ್ಲಿ ಈ ಮದ್ದು ಬಂದದ್ದು ನಮಗೆ ಅಮೃತೋತ್ಪತ್ತಿ. ಅದಕ್ಕಾಗಿ ಕೆಮ್ಮಿಲ್ಲದೆಯೂ ಕೆಮ್ಮಿದ್ದೇವೆ, ಹೊಟ್ಟೆ ಹಿಡಿದುಕೊಂಡು ಹೊರಳಿದ್ದೇವೆ. ಗುಳಿಗೆಯಲ್ಲಿ ಸಕ್ಕರೆಯಲ್ಲದೆ ಬೇರೇನಾದರೂ ಇದೆಯೇ ಎಂದು ವಿಜ್ಞಾನಿಗಳು ಈಗಲೂ ಹುಬ್ಬೇರಿಸುತ್ತಾರೆ. ನಮ್ಮ ನಿಷ್ಠೆ ಮೊದಲಿನಿಂದಲೂ ಸಕ್ಕರೆಗೇ ಇದ್ದುದರಿಂದ ಆ ವಾದದಲ್ಲಿ ನಾವು ತಟಸ್ಥರು.

ಮುಲ್ಲರೊಬ್ಬರ ಮದ್ದು ಹೀಗೆ ನಮ್ಮ ಹೊಟ್ಟೆಗೆ ಹೋದರೆ ಇನ್ನೊಬ್ಬರ ಮದ್ದು ನಮ್ಮ ಗೋಡೆಗೆ ಬಂತು. ಮಲೇರಿಯಾದ ವಿರುದ್ಧ ಸರ್ಕಾರ 1953ರಲ್ಲಿ ದೇಶಾದ್ಯಂತ ಯುದ್ಧ ಹೂಡಿದ ಮೇಲೆ, ಖಾಕಿ ಚಡ್ಡಿಯ ಡಿಡಿಟಿಯವರು ಪಂಪು ಹೊತ್ತು ಮನೆಮನೆಗೆ ಬರುತ್ತಿದ್ದರು. ಅಜ್ಜಿ ಉಪ್ಪಿನಕಾಯಿಯ ಭರಣಿಗಳಿಗೆಲ್ಲ ಬಟ್ಟೆ ಮುಚ್ಚಿ, ದೇವರ ಕೋಣೆಯ ಬಾಗಿಲಿಗೆ ಅಡ್ಡ ನಿಂತು, 'ಒಳಗೆ ಸೊಳ್ಳೆ ಇಲ್ಲ, ದೇವರಿದ್ದಾನೆ' ಎನ್ನುತ್ತಿದ್ದಳು. ಅವರು ಉಳಿದ ಗೋಡೆಗಳಿಗೆಲ್ಲ ಹೊಡೆದು, ಬಾಗಿಲ ಪಕ್ಕ ತಾರೀಖು ಗೀಚಿ ಹೋಗುತ್ತಿದ್ದರು. ಆ ಬಿಳಿಯ ಪುಡಿಯ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಹಿಡಿದವರು ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಗೈಗಿ ಕಂಪನಿಯಲ್ಲಿದ್ದ ಪಾಲ್ ಹೆರ್ಮನ್ ಮುಲ್ಲರ್. ವರ್ಷಗಟ್ಟಲೆ ಒಂದಾದ ಮೇಲೊಂದು ರಾಸಾಯನಿಕವನ್ನು ಗಾಜಿನ ಪೆಟ್ಟಿಗೆಗೆ ಬಳಿದು, ಒಳಗೆ ನೊಣ ಬಿಟ್ಟು, ಅವು ಸಾಯುತ್ತವೆಯೇ ಎಂದು ನೋಡುತ್ತ ಕೂತದ್ದಕ್ಕೆ 1948ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಂತು. ಇದರಲ್ಲಿ ತಮಾಷೆ ಏನೆಂದರೆ, ಎರಡೇ ವರ್ಷ ಹಿಂದೆ, 1946ರಲ್ಲಿ, ಇದೇ ವೈದ್ಯಶಾಸ್ತ್ರದ ನೊಬೆಲ್ ಪಡೆದಿದ್ದವರು ಅಮೆರಿಕದ ಹೆರ್ಮನ್ ಮುಲ್ಲರ್. ಇವರ ಅಜ್ಜ ಜರ್ಮನಿಯಿಂದ ವಲಸೆ ಹೋದವರು. ಇವರ ಕೆಲಸವೂ ನೊಣದ ಮೇಲೇ. ಹಣ್ಣಿನ ನೊಣಗಳನ್ನು ಸಾವಿರಗಟ್ಟಲೆ ಮುತುವರ್ಜಿಯಿಂದ ಸಾಕಿ, ಅವಕ್ಕೆ ಕ್ಷಕಿರಣ ಹಾಯಿಸಿ, ಮರಿಗಳಲ್ಲಿ ಉತ್ಪರಿವರ್ತನೆಯಾಗುವುದನ್ನು ತೋರಿಸಿಕೊಟ್ಟಿದ್ದರು. ನೊಣ ಸಾಕಿದ ಮುಲ್ಲರಿಗೂ ನೊಣ ಕೊಂದ ಮುಲ್ಲರಿಗೂ ಒಂದೇ ಬಹುಮಾನ. ಸ್ವೀಡನ್ನಿನವರ ಸಮದರ್ಶಿತ್ವಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಕೆ? ನೊಣದ ಅಭಿಪ್ರಾಯ ಯಾರೂ ಕೇಳಲಿಲ್ಲ. ಡಿಡಿಟಿ ಹಕ್ಕಿಗಳ ಮೊಟ್ಟೆಯ ಚಿಪ್ಪನ್ನೂ ತೆಳುವಾಗಿಸುತ್ತದೆಂದು ಗೊತ್ತಾಗಿ ಅದರ ಕೀರ್ತಿಗೆ ಮಸಿ ಹತ್ತಿದ್ದು ಆಮೇಲೆ.

ಕೀಟಗಳ ಮಾತು ಬಂದದ್ದು ಒಳ್ಳೆಯದಾಯಿತು, ಫ್ರಿಟ್ಸ್ ಮುಲ್ಲರನನ್ನು ಮರೆತೇಬಿಡುತ್ತಿದ್ದೆ. ಈತ ವೈದ್ಯಕೀಯ ಓದಿ, ಪದವಿಗಾಗಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಲೊಪ್ಪದೆ, ಪದವಿಯನ್ನೂ ದೇಶವನ್ನೂ ಬಿಟ್ಟು 1852ರಲ್ಲಿ ಬ್ರೆಜಿಲ್ಲಿನ ಕಾಡಂಚಿನ ಬ್ಲೂಮೆನೌಗೆ ಹೋಗಿ ನೆಲ ಅಗೆದ ಮನುಷ್ಯ. ಅಲ್ಲಿಂದಲೇ ಡಾರ್ವಿನ್ನನಿಗೆ ಕಾಗದ ಬರೆಯುತ್ತಿದ್ದ, ಅವನ ಪರವಾಗಿ ಪುಸ್ತಕವೊಂದನ್ನೂ ಬರೆದ. ಕಹಿರುಚಿಯ ಬೇರೆಬೇರೆ ಜಾತಿಯ ಚಿಟ್ಟೆಗಳು ಒಂದೇ ಬಣ್ಣ, ಒಂದೇ ಪಟ್ಟೆ ತೊಟ್ಟಿರುವುದು ಏಕೆಂದು ಇವನಿಗೆ ಕೌತುಕ. ಎಳೆಯ ಹಕ್ಕಿಯೊಂದು ಇವು ತಿನ್ನಲಾಗದವು ಎಂದು ಕಲಿಯಬೇಕಾದರೆ ಕೆಲವು ಚಿಟ್ಟೆಗಳನ್ನಾದರೂ ಕಚ್ಚಿ ಉಗುಳಲೇಬೇಕು. ಎಲ್ಲ ಜಾತಿಗಳೂ ಒಂದೇ ವೇಷದಲ್ಲಿದ್ದರೆ ಆ ಬಲಿಯ ಲೆಕ್ಕ ಹಂಚಿಹೋಗುತ್ತದೆ, ಪ್ರತಿ ಜಾತಿಗೂ ನಷ್ಟ ಕಡಿಮೆ. 1878-79ರ ಹೊತ್ತಿಗೆ ಈ ವಿವರಣೆಯನ್ನು, ಅದೂ ಗಣಿತ ಹಾಕಿ, ಮುಂದಿಟ್ಟ. ಜೀವಶಾಸ್ತ್ರದಲ್ಲಿ ಇವತ್ತಿಗೂ ಇದಕ್ಕೆ ಮುಲ್ಲರ್ ಅನುಕರಣೆ ಎಂದೇ ಹೆಸರು. ಬೇರೆಬೇರೆಯವರು ಒಂದೇ ಗುರುತು ಹೊತ್ತು ತಿರುಗುವುದರ ಲಾಭವನ್ನು ಕಂಡುಹಿಡಿಯಲು ಒಬ್ಬ ಮುಲ್ಲರನೇ ಬೇಕಾಯಿತು, ಸ್ಮಿತ್‌ಸನ್ನೋ ಹಂಬೋಲ್ಟೋ ಆಗಿದ್ದರೆ ಹೊಳೆಯುತ್ತಿರಲಿಲ್ಲ ಎಂಬುದು ನನ್ನ ಖಾಸಗಿ ಸಿದ್ಧಾಂತ. ಸಾಲದ ನೋಟೀಸು ತಪ್ಪಿ ನನ್ನ ಮೇಜಿಗೆ ಬಂದಾಗಲೆಲ್ಲ ಆ ಇನ್ನೊಬ್ಬ ಭಟ್ಟನಿಗೆ ಒಂದು ವಾರದ ಬಿಡುವು ಸಿಗುತ್ತಿತ್ತಲ್ಲ, ಹಕ್ಕಿ ಬಾಯಿ ಹಾಕಿದ ಚಿಟ್ಟೆ ನಾನು.

ನನ್ನ ಮೊಮ್ಮಗನಿಗೆ ಇವೆಲ್ಲ ಬೇಡ. ಅವನ ಲೋಕದಲ್ಲಿ ಮುಲ್ಲರ್ ಎಂದರೆ ಫುಟ್‌ಬಾಲ್, ಅದೂ 13ನೇ ನಂಬರಿನ ಅಂಗಿ. ಆ ಅಂಗಿ ತೊಟ್ಟ ಮೊದಲನೆಯವ ಗೆರ್ಡ್ ಮುಲ್ಲರ್, ಗಿಡ್ಡ ಕಾಲು, ದಪ್ಪ ತೊಡೆ. ಬಯರ್ನ್ ಮ್ಯೂನಿಕ್ ತಂಡದಲ್ಲಿ ಅವನ ಮೊದಲ ತರಬೇತುದಾರ 'ಗಿಡ್ಡ ದಪ್ಪ ಮುಲ್ಲರ್' ಎಂದು ಕರೆಯುತ್ತಿದ್ದನಂತೆ, ನಮ್ಮ ಮಾಷ್ಟ್ರ ಸಂಪ್ರದಾಯ ಸಾರ್ವತ್ರಿಕ. ಈ ಗಿಡ್ಡ ದಪ್ಪ ಪಶ್ಚಿಮ ಜರ್ಮನಿಗಾಗಿ 62 ಪಂದ್ಯಗಳಲ್ಲಿ 68 ಗೋಲು ಹೊಡೆದ, 1974ರ ವಿಶ್ವಕಪ್ ಫೈನಲ್ಲಿನಲ್ಲಿ ಹಾಲೆಂಡನ್ನು ಸೋಲಿಸಿದ ಗೋಲೂ ಇವನದೇ. ಎರಡನೆಯವ ಥಾಮಸ್ ಮುಲ್ಲರ್, ನೆಂಟನೂ ಅಲ್ಲ ಏನೂ ಅಲ್ಲ. ಆದರೆ ಬಯರ್ನ್ ಮ್ಯೂನಿಕ್ಕಿನ ಎರಡನೇ ತಂಡದಲ್ಲಿ ಇವನು ಆಡುತ್ತಿದ್ದಾಗ ಅಲ್ಲಿ ಸಹ ತರಬೇತುದಾರನಾಗಿದ್ದವನು ಅದೇ ಗೆರ್ಡ್. 2010ರ ಮಾರ್ಚಿನಲ್ಲಿ ಪತ್ರಿಕಾಗೋಷ್ಠಿಯಲ್ಲಿ ಕೂತಿದ್ದ ಈ ಸಣಕಲು ಹುಡುಗನನ್ನು ಮರಡೋನ ಚೆಂಡು ಹೆಕ್ಕುವ ಹುಡುಗನೆಂದು ತಿಳಿದು, ಇವನ ಪಕ್ಕ ಕೂರಲೊಪ್ಪದೆ ಎದ್ದುಹೋದ. ನಾಲ್ಕು ತಿಂಗಳಲ್ಲಿ ವಿಶ್ವಕಪ್ಪಿನಲ್ಲಿ ಮರಡೋನನ ಅರ್ಜೆಂಟೀನಾ ಎದುರಾಯಿತು. ಮೂರನೇ ನಿಮಿಷಕ್ಕೆ ಗೋಲು, ಹೊಡೆದವನು ಮುಲ್ಲರ್; ಪಂದ್ಯ 4-0. ಇಂಗ್ಲೆಂಡಿನ ಮೇಲೆ ಎರಡು ಗೋಲು ಹೊಡೆದ ದಿನ ಟೀವಿಯವರ ಮುಂದೆ ಇವನು ಮಾಡಿದ ಘನಕಾರ್ಯ, ಊರಿನಲ್ಲಿರುವ ತನ್ನ ಅಜ್ಜಿಯರಿಗೆ ನಮಸ್ಕಾರ ಹೇಳಿದ್ದು. ಈ ಭಾಗವನ್ನು ಮೊಮ್ಮಗನಿಗೆ ಎರಡೆರಡು ಸಲ ಓದಿಸಿದ್ದೇನೆ, ಅವನ ಅಜ್ಜಿಗೆ ಕೇಳಿಸುವಷ್ಟು ಜೋರಾಗಿ.

ನಾಟಕಕಾರ ಹೈನರ್ ಮುಲ್ಲರ್, ಅತಿವಾಹಕತೆಯ ಕೆಲಸಕ್ಕೆ 1987ರ ಭೌತವಿಜ್ಞಾನ ನೊಬೆಲ್ ಹಂಚಿಕೊಂಡ ಅಲೆಕ್ಸ್ ಮುಲ್ಲರ್, ಇವರನ್ನೆಲ್ಲ ಹೆಸರು ಹೇಳಿ ದಾಟುತ್ತೇನೆ. ಸಹಸ್ರನಾಮ ಓದುವವರೂ ಮಧ್ಯದಲ್ಲಿ ಸ್ವಲ್ಪ ವೇಗ ಹೆಚ್ಚಿಸುತ್ತಾರೆ. ಹೆರ್ಟಾ ಮುಲ್ಲರರನ್ನು ಮಾತ್ರ ದಾಟಲಾಗದು. ರುಮೇನಿಯಾದ ಬಾನಾಟ್ ಸೀಮೆಯ ಜರ್ಮನ್ ಹಳ್ಳಿಯಲ್ಲಿ 1953ರಲ್ಲಿ ಹುಟ್ಟಿದ ಈಕೆ ಟ್ರ್ಯಾಕ್ಟರ್ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಕೈಪಿಡಿ ಅನುವಾದಿಸುತ್ತಿದ್ದರು. ರಹಸ್ಯ ಪೊಲೀಸರು ಬಂದು ನಮಗೆ ಸುದ್ದಿ ಕೊಡುತ್ತಿರು ಎಂದರು, ಈಕೆ ಆಗದೆಂದರು. ಮರುದಿನಗಳಲ್ಲಿ ಕೋಣೆ ಹೋಯಿತು, ಕುರ್ಚಿ ಹೋಯಿತು, ಸಹೋದ್ಯೋಗಿಗಳು ಈಕೆಯೇ ಗೂಢಚಾರಿಣಿಯೆಂದು ನಂಬಿದರು. ಕೆಲಸಕ್ಕೆ ಗೈರುಹಾಜರಾದಳೆಂಬ ನೆಪ ಸಿಗಬಾರದೆಂದು ಈಕೆ ದಿನವೂ ಬಂದು, ಕಾರ್ಖಾನೆಯ ಮೆಟ್ಟಿಲಿನ ಮೇಲೆ ಕರವಸ್ತ್ರ ಹಾಸಿ, ಅದರ ಮೇಲೆ ಕೂತು ನಿಘಂಟು ನೋಡಿ ಅನುವಾದ ಮಾಡಿದರು, ಕೆಲಸದಿಂದ ತೆಗೆದುಹಾಕುವವರೆಗೂ. 2009ರಲ್ಲಿ ಸಾಹಿತ್ಯದ ನೊಬೆಲ್ ಬಂದಾಗ ಸ್ಟಾಕ್‌ಹೋಮಿನ ಉಪನ್ಯಾಸದ ತುಂಬ ಆ ಕರವಸ್ತ್ರದ್ದೇ ಮಾತು. ಮನೆಯಿಂದ ಹೊರಡುವಾಗ ಕರವಸ್ತ್ರ ಇದೆಯೇ ಎಂದು ಅಮ್ಮ ದಿನಾ ಬೆಳಿಗ್ಗೆ ಕೇಳುತ್ತಿದ್ದುದರಿಂದ ಅದು ಶುರುವಾಗುತ್ತದೆ. ಕಚೇರಿಯಲ್ಲಿ ಕುರ್ಚಿಗಾಗಿ ಜೀವಮಾನವಿಡೀ ಗುದ್ದಾಡಿದ ನಾನು ಅದನ್ನು ಓದಿದ ದಿನ ತಮಾಷೆ ಮಾಡುವ ಗೋಜಿಗೆ ಹೋಗಲಿಲ್ಲ.

ಇಷ್ಟು ಹೊತ್ತು ಕೂತು ಕೇಳಿದಿರಿ, ನಿಮ್ಮ ತಾಳ್ಮೆ ದೊಡ್ಡದು. ಜರ್ಮನರು ಯಾವ ವಿಶೇಷವೂ ಇಲ್ಲದ ಸಾಮಾನ್ಯ ಹೆಂಗಸನ್ನು ಸೂಚಿಸಬೇಕಾದಾಗ ಲೀಸ್ಖೆನ್ ಮುಲ್ಲರ್ ಎನ್ನುತ್ತಾರೆ. ಇಷ್ಟೆಲ್ಲ ಮುಲ್ಲರರನ್ನು ಹೆತ್ತ ಮೇಲೂ ಅವರಿಗೆ ಹಾಗನ್ನಲು ನಾಲಗೆ ಹೇಗೆ ಬರುತ್ತದೋ ತಿಳಿಯದು. ಅಂದಹಾಗೆ ಜರ್ಮನಿಯಲ್ಲಿ ಸಂಖ್ಯೆಯಲ್ಲಿ ಎರಡನೆಯ ಸ್ಥಾನ ಷ್ಮಿಟ್ ಎಂಬ ಮನೆತನದ ಹೆಸರಿಗೆ, ಕಮ್ಮಾರರದು. ಅವರದೂ ಒಂದು ದೊಡ್ಡ ಪುರಾಣವೇ ಇದೆ, ದೇಶವಾಳಿದ ಷ್ಮಿಟ್ ಒಬ್ಬರು ಸೇರಿ. ಮುಂದಿನ ವಾರ ಬಿಡುವಿದ್ದರೆ ಈ ಕಡೆ ಬನ್ನಿ. ಬರುವಾಗ ಮನೆಯಲ್ಲಿ ತಡವಾಗುತ್ತದೆಂದು ಹೇಳಿಯೇ ಹೊರಡಿ.